ಪ್ರತಿಕ್ರಿಯೆ: ಒಳ್ಳೆ ಆಟಗಾರ ಒಳ್ಳೆ ಕೋಚ್ ಆಗ್ತಾನಾ?

ತೀರ್ಥಹಳ್ಳಿಯಿಂದ ನೀವು ಕೇಳಿದ್ದು ಓದಿದೆ. ತಮ್ಮನಿಗೆ ಮಂಡಿ ಪೆಟ್ಟಾಗಿದೆ, ಹಾಕಿ ಬಿಟ್ಟು ಕೋಚ್ ಆಗ್ತೀನಿ ಅಂತಾನೆ, ಐಸ್ ಹಾಕಿಯವರು ಇದನ್ನು ಹೇಗೆ ಮಾಡ್ತಾರೆ ಅಂತ. ನನಗೆ ತುಂಬಾ ಇಷ್ಟದ ವಿಷಯ ಇದು.

ರಾಡ್ ಬ್ರಿಂಡಮೋರ್ ಅವರನ್ನೇ ನೋಡಿ. 2006ರಲ್ಲಿ ಅಮೆರಿಕದ ಕ್ಯಾರೊಲಿನಾ ಹರಿಕೇನ್ಸ್ ತಂಡ ಐಸ್ ಹಾಕಿಯ ದೊಡ್ಡ ಟ್ರೋಫಿ ಸ್ಟಾನ್ಲಿ ಕಪ್ ಗೆದ್ದಾಗ ಅವರೇ ನಾಯಕ. 2010ರಲ್ಲಿ ಆಟ ನಿಲ್ಲಿಸಿದರು. ಆದರೆ ಸೀದಾ ಮುಖ್ಯ ಕೋಚ್ ಆಗಲಿಲ್ಲ. ಅದೇ ತಂಡದಲ್ಲಿ ವರ್ಷಗಟ್ಟಲೆ ಸಹಾಯಕರಾಗಿ ದುಡಿದು, 2018ರಲ್ಲಿ ಆ ಜಾಗಕ್ಕೆ ಬಂದರು. 2021ರಲ್ಲಿ ಅಮೆರಿಕ-ಕೆನಡಾ ತಂಡಗಳ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಅತ್ಯುತ್ತಮ ಕೋಚ್ ಪ್ರಶಸ್ತಿಯೂ ಸಿಕ್ಕಿತು.

ಬರೀ ಹೆಸರು ಸಾಲದು. ವೇಯ್ನ್ ಗ್ರೆಟ್ಸ್ಕಿಗಿಂತ ದೊಡ್ಡ ಆಟಗಾರ ಯಾರು? ಅವರು ಫೀನಿಕ್ಸ್ ತಂಡಕ್ಕೆ ನಾಲ್ಕು ಸೀಸನ್ ಕೋಚ್ ಆಗಿದ್ದರು, ಒಮ್ಮೆಯೂ ಪ್ಲೇಆಫ್ ತಲುಪಲಿಲ್ಲ. ಅತ್ತ ಜಾನ್ ಕೂಪರ್ ಎನ್‌ಎಚ್‌ಎಲ್ ಆಡಿದವರೇ ಅಲ್ಲ, ಮೊದಲು ವಕೀಲರಾಗಿದ್ದರು. 2020, 2021 ಎರಡೂ ವರ್ಷ ಟ್ಯಾಂಪಾ ಬೇ ತಂಡಕ್ಕೆ ಆ ಕಪ್ ಗೆಲ್ಲಿಸಿಕೊಟ್ಟರು. ಐಸ್ ಮೇಲೆ ಒಬ್ಬ ಆಟಗಾರ ಒಂದು ಸಲಕ್ಕೆ ಮುಕ್ಕಾಲು ನಿಮಿಷದಷ್ಟೇ ಇರ್ತಾನೆ. ಆಮೇಲೆ ಯಾರನ್ನು ಇಳಿಸಬೇಕು ಅನ್ನೋದು ಬೆಂಚಿನ ಹಿಂದೆ ನಿಂತ ಕೋಚ್ ಕೆಲಸ. ಕಾಲಿನ ಚುರುಕಿಗಿಂತ ಕಣ್ಣಿನ ಚುರುಕು ಜಾಸ್ತಿ ಬೇಕು, ಅಲ್ವಾ?

ನಿಮ್ಮ ತಮ್ಮ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನಲ್ಲಿ ಕೋಚಿಂಗ್ ಡಿಪ್ಲೊಮಾಗೆ ಪ್ರಯತ್ನಿಸಲಿ. ಅಲ್ಲಿವರೆಗೆ ಸುಮ್ನೆ ಕೂರೋದು ಬೇಡ. ನಮ್ಮ ಮಲೆನಾಡಿನ ಮಳೆಗೆ ಮೈದಾನ ಕೆಸರಾದರೂ ಶಾಲೆಯ ಜಗಲಿ ಇದ್ದೇ ಇರುತ್ತೆ. ಈ ಜೂನ್‌ನಲ್ಲೇ ನಾಲ್ಕು ಮಕ್ಕಳಿಗೆ ಸ್ಟಿಕ್ ಹಿಡಿಯೋದು ಕಲಿಸಲಿ.