ಹಳೆಯ ಬಾಡಿಗೆ ಬಾಕಿ, ವಸೂಲಿ ಏಜೆನ್ಸಿಯ ನೋಟಿಸ್

ಪ್ರಶ್ನೆ: ಅಮೆರಿಕದಲ್ಲಿ 3 ವರ್ಷದ ಹಿಂದೆ ಖಾಲಿ ಮಾಡಿದ ಮನೆಯ ಬಾಕಿಯೆಂದು ವಸೂಲಿ ಏಜೆನ್ಸಿಯೊಂದು 2,400 ಡಾಲರ್ ಕೇಳಿ ಈಗ ನೋಟಿಸ್ ಕಳಿಸಿದೆ. ಕಟ್ಟಿಬಿಡಲೇ?

ಉತ್ತರ: ಅವಸರ ಬೇಡ. ನೋಟಿಸ್ ಕೈಸೇರಿದ 30 ದಿನದೊಳಗೆ ಲಿಖಿತ ತಕರಾರು ಕಳಿಸಿ, ಕಳಿಸಿದ್ದಕ್ಕೆ, ತಲುಪಿದ್ದಕ್ಕೆ ದಾಖಲೆ ಇರುವ ಅಂಚೆಯಾದ ಸರ್ಟಿಫೈಡ್ ಮೇಲ್‌ನಲ್ಲೇ. ಸಾಲದ ಪುರಾವೆ ಕೊಡುವವರೆಗೆ ಅವರು ವಸೂಲಿ ನಿಲ್ಲಿಸಬೇಕು. ಲೆಕ್ಕ ಬಂದಾಗ ಬಾಕಿಯಿಂದ ನಿಮ್ಮ ಡಿಪಾಸಿಟ್ ಮೊತ್ತ ಕಳೆದಿದ್ದಾರೆಯೇ ನೋಡಿ. ಕಾರ್ಪೆಟ್ಟಿನ ಖರ್ಚು ಸೇರಿಸಿದ್ದರೆ, ಅದರ ಸಾಮಾನ್ಯ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ.

ಬಾಕಿ ನಿಜವೇ ಆದರೆ, ಒಂದೇ ಕಂತಿನಲ್ಲಿ ಕೊಡುತ್ತೇನೆಂದು ಚೌಕಾಸಿ ಮಾಡಿ. ‘ಇಷ್ಟಕ್ಕೆ ಪೂರ್ಣ ಚುಕ್ತಾ’ ಎಂಬ ಪತ್ರ ಕೈಗೆ ಬಾರದೆ ಒಂದು ಡಾಲರೂ ಬಿಚ್ಚಬೇಡಿ: ಹಲವು ರಾಜ್ಯಗಳಲ್ಲಿ ಚಿಲ್ಲರೆ ಪಾವತಿಯಿಂದಲೂ ಅವರು ದಾವೆ ಹೂಡಲು ಇರುವ ಕಾಲಮಿತಿ ಹೊಸದಾಗಿ ಶುರುವಾಗಬಹುದು. ಕಟ್ಟಿದ ಮಾತ್ರಕ್ಕೆ ಕ್ರೆಡಿಟ್ ವರದಿಯ ನಮೂದು ಅಳಿಯದು, ಸುಮಾರು 7 ವರ್ಷ ಉಳಿಯಬಹುದು. ಅಳಿಸಲು ಒಪ್ಪಿದರೆ ಅದೂ ಆ ಪತ್ರದಲ್ಲೇ ಇರಲಿ.