ರಷ್ಯಾದ ‘ಲೆವಿಯಾಥನ್’ ಸಿನಿಮಾದಲ್ಲಿ ಕಥಾನಾಯಕ ಕೋಲ್ಯಾನ ಮನೆಯನ್ನು ಊರಿನ ಮೇಯರ್ ಕಾನೂನಿನ ಮೂಲಕವೇ ಕಿತ್ತುಕೊಳ್ಳುವುದು ಹೇಗೆ?

ಭೂಸ್ವಾಧೀನದ ಹೆಸರಲ್ಲಿ. ಜಾಗ ಪುರಸಭೆಯ ಅಗತ್ಯಕ್ಕೆ ಬೇಕು ಅಂತ ಆದೇಶ ಹೊರಡುತ್ತೆ, ಪುಡಿಗಾಸು ಪರಿಹಾರ ನಿಗದಿಯಾಗುತ್ತೆ. ಕೋಲ್ಯಾನ ಮೇಲ್ಮನವಿಯೂ ವಜಾ. ಆ ತೀರ್ಪು ಓದುವ ದೃಶ್ಯ ಗಮನಿಸಿ: ನ್ಯಾಯಾಧೀಶೆ ಉಸಿರು ಬಿಡದೆ, ಒಂದೇ ಏರಿಳಿತದಲ್ಲಿ ಗಡಗಡ ಓದುತ್ತಾಳೆ, ಕ್ಯಾಮೆರಾ ನಿಧಾನವಾಗಿ ಹತ್ತಿರ ಸರಿಯುತ್ತದೆ. ಅವಳು ಯಾರಿಗೂ ಕೇಳಿಸಲಿ ಅಂತ ಓದುತ್ತಿಲ್ಲ.

ಮಾಸ್ಕೋದಿಂದ ಬಂದ ವಕೀಲ ಗೆಳೆಯ ದಿಮಾ ಮೇಯರ್‌ನ ಅಕ್ರಮಗಳ ಕಡತ ಹಿಡಿದು ಬೆದರಿಸುತ್ತಾನೆ. ಲೆಕ್ಕ ತಪ್ಪುವುದು ಇಲ್ಲೇ. ಪೊಲೀಸ್, ಪ್ರಾಸಿಕ್ಯೂಟರ್, ನ್ಯಾಯಾಧೀಶೆ ಎಲ್ಲರೂ ಮೇಯರ್‌ನ ಹಂಗಿನಲ್ಲಿರುವಾಗ ದೂರು ಕೊಡುವುದಾದರೂ ಯಾರಿಗೆ? ದಿಮಾನನ್ನು ಊರಾಚೆ ಕರೆದೊಯ್ದು ಬಡಿದು, ಬಂದೂಕು ತೋರಿಸಿ ಓಡಿಸುತ್ತಾರೆ.

(ಕಥೆಯ ಕೊನೆ ಗೊತ್ತಾಗಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ.) ಹೆಂಡತಿ ಲಿಲ್ಯಾ ಸತ್ತ ಮೇಲೆ ಕೊಲೆ ಆರೋಪ ಕೋಲ್ಯಾನ ಮೇಲೆಯೇ ಬೀಳುತ್ತದೆ, 15 ವರ್ಷ ಶಿಕ್ಷೆ. ಮನೆ ಉರುಳುವುದನ್ನು ಒಳಗಿನಿಂದಲೇ ತೋರಿಸಿದ್ದಾರೆ: ಜೆಸಿಬಿಯಂಥ ಯಂತ್ರದ ಹಲ್ಲು ಗೋಡೆ ಸೀಳಿಕೊಂಡು ಅಡುಗೆಮನೆಗೇ ನುಗ್ಗುತ್ತದೆ. ಆ ಜಾಗದಲ್ಲಿ ಏಳುವುದು ಚರ್ಚು. ನನ್ನ ಮಟ್ಟಿಗೆ ಸಿನಿಮಾದ ನಿಜವಾದ ಏಟು ಅದೇ.

ನಿರ್ದೇಶಕ ಆಂದ್ರೇ ಜ್ವ್ಯಾಗಿಂತ್ಸೆವ್, 2014. ಊರು ಕಲ್ಪಿತ, ಕಡಲತೀರದ ಚಿತ್ರೀಕರಣ ಮೂರ್ಮನ್‌ಸ್ಕ್ ಪ್ರಾಂತ್ಯದ ತೆರಿಬೆರ್ಕಾದಲ್ಲಿ. ಕಥೆಯ ಮೂಲ ಪ್ರೇರಣೆ ಮಾತ್ರ ಅಮೆರಿಕದ್ದು: 2004ರಲ್ಲಿ ಕೊಲೊರಾಡೋದಲ್ಲಿ ಜಮೀನಿನ ಜಗಳಕ್ಕೆ ಬುಲ್ಡೋಜರ್‌ನಿಂದ ಕಟ್ಟಡಗಳನ್ನು ಕೆಡವಿದವನ ಪ್ರಕರಣ. ಬುಲ್ಡೋಜರ್ ಇಲ್ಲಿ ಕೈ ಬದಲಾಯಿಸಿದೆ, ಅಷ್ಟೇ.