ಅಗ್ಗದ ಪಾಂಪ್ಲೆಟ್‌ಗೆ ಮನುಷ್ಯರ ಹಲ್ಲು ಬಂದದ್ದು ಹೇಗೆ?

ದಾವಣಗೆರೆಯಿಂದ ಮಂಗಳೂರಿಗೆ ಬಂದು ಮೂರು ತಿಂಗಳಾಗಿದೆ, ಅಂಗಡಿಯೊಂದರಲ್ಲಿ ಕಿಲೋಗೆ 240 ರೂಪಾಯಿಯಂತೆ ಪಾಂಪ್ಲೆಟ್ ಮೀನು ಕೊಂಡೆ, ಮನೆಗೆ ತಂದು ನೋಡಿದರೆ ಬಾಯಲ್ಲಿ ಮನುಷ್ಯರಂಥ ಹಲ್ಲು, ಸಾರಿನಲ್ಲಿ ಕೆಸರಿನ ವಾಸನೆ. ಇದು ಮೋಸವೇ, ಉಳಿದ ಅರ್ಧ ಕಿಲೋ ಏನು ಮಾಡಲಿ ಎಂದು ಕೇಳಿದ್ದೀರಿ.

ಮೋಸವೇ. ನೀವು ತಿಂದದ್ದು ರೂಪಚಂದ. ದಕ್ಷಿಣ ಅಮೆರಿಕದ ನದಿಗಳ ಪಾಕು ಎಂಬ ಮೀನು, ಪಿರಾನ್ಹಾದ ನೆಂಟ. ನೀರಿಗೆ ಬಿದ್ದ ಕಾಯಿ, ಬೀಜಗಳನ್ನು ಒಡೆದು ತಿನ್ನುವುದಕ್ಕೆ ಅದಕ್ಕೆ ಆ ಹಲ್ಲು. ಈಗ ಆಂಧ್ರ, ಬಂಗಾಳಗಳ ಕೆರೆಗಳಲ್ಲಿ ಸಾಕುತ್ತಾರೆ. ತಿಂದರೆ ಕೇಡೇನಿಲ್ಲ, ರೂಪಚಂದ ಎಂದು ಹೇಳಿಯೇ ಮಾರಿದರೆ ನನಗೆ ತಕರಾರೂ ಇಲ್ಲ. ಆದರೆ ಹಾಗೆ ಹೇಳಿದ್ದರೆ ನೀವು 240 ರೂಪಾಯಿ ಕೊಡುತ್ತಿರಲಿಲ್ಲ.

ನಮ್ಮ ಬಿಳಿ ಮಾಂಜಿಯನ್ನು (ಹೋಟೆಲಿನವರ ಪಾಂಪ್ಲೆಟ್) ಒಮ್ಮೆ ಕೈಯಲ್ಲಿ ಹಿಡಿದು ನೋಡಿದರೆ ಸಾಕು, ಮತ್ತೆ ಏಮಾರುವುದಿಲ್ಲ. ಬಾಯಿ ಪುಟ್ಟದು, ಬೆನ್ನಿನ ಈಜುರೆಕ್ಕೆ ಬಾಲದ ಬುಡದವರೆಗೂ ಇಳಿದಿರುತ್ತದೆ, ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆ ಇರುವುದೇ ಇಲ್ಲ. ರೂಪಚಂದಕ್ಕೆ ಆ ಜೋಡಿ ಇರುತ್ತದೆ. ಅಲ್ಲದೆ ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಕಿರುಬೆರಳ ಉಗುರಿನಷ್ಟು ಮಾಂಸದ ಗುಬುಟೊಂದು ಎದ್ದಿರುತ್ತದೆ. ಗುಬುಟು ಕಂಡರೆ ಬುಟ್ಟಿ ಬಿಟ್ಟು ಮುಂದೆ ಹೋಗಿ.

ಆದರೆ ಇಲ್ಲಿ ಹೆಸರು ತಪ್ಪಿದ್ದೆಲ್ಲ ಮೋಸವಲ್ಲ. ಮಂಗಳೂರಿನ ಬೂತಾಯಿ (ಸಾರ್ಡೀನ್) ಕುಂದಾಪುರದಲ್ಲಿ ಬೈಗೆ, ಕೊಂಕಣಿ ಮನೆಗಳಲ್ಲಿ ತಾರ್ಲೆ, ತಲಪಾಡಿ ಗಡಿ ದಾಟಿದರೆ ಮತ್ತಿ. ಕಾಣೆ ಎಂಬ ಮೀನನ್ನು ನಮ್ಮ ಹೋಟೆಲುಗಳು ಲೇಡಿ ಫಿಶ್ ಎಂದು ಬರೆಯುತ್ತವೆ. ಇಂಗ್ಲಿಷ್ ಪುಸ್ತಕಗಳ ಲೇಡಿ ಫಿಶ್ ಬೇರೆಯೇ ಮೀನು. ಕಪ್ಪು ಮಾಂಜಿಯಂತೂ ವಿಜ್ಞಾನಿಗಳ ಪ್ರಕಾರ ಪಾಂಪ್ಲೆಟ್ ಕುಲದ್ದೇ ಅಲ್ಲ. ಅದನ್ನೂ ವಂಚನೆ ಎಂದು ಹೊರಟರೆ ಇಡೀ ಕರಾವಳಿಯನ್ನು ಠಾಣೆಗೆ ಕರೆಸಬೇಕಾದೀತು.

ನಾನು ಮೋಸ ಹೋದದ್ದು, ಬೇರೆಡೆ ಸುರಮಯಿ ಎನ್ನುವ ಅಂಜಲ್‌ನಲ್ಲಿ, ಅದೂ ಮೂವತ್ತು ವರ್ಷ ಮೀನು ಕೊಂಡ ಮೇಲೆ. ಮಗಳ ಮಾವನ ಮನೆಯವರು ಊಟಕ್ಕೆ ಬರುವವರಿದ್ದರು. ಮಳೆ, ದಕ್ಕೆಗೆ (ಬೋಟುಗಳು ಮೀನು ಇಳಿಸುವ ಬಂದರುಕಟ್ಟೆ) ಹೋಗಲು ಸೋಮಾರಿತನ. ಹವಾನಿಯಂತ್ರಿತ ಅಂಗಡಿಯೊಂದರಿಂದ ತಟ್ಟೆಯಲ್ಲಿ ಜೋಡಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು, ಅಂಜಲ್ ಎಂದು ಚೀಟಿ ಅಂಟಿಸಿದ್ದ ತುಂಡುಗಳನ್ನು ತಂದೆ. ನನ್ನ ಅತ್ತೆ ಕಡಲತೀರದ ಉಚ್ಚಿಲದವರು. ಒಂದು ತುತ್ತು ಬಾಯಿಗಿಟ್ಟು, ಬೀಗರಿಗೆ ಕೇಳಿಸದಂತೆ "ಇದು ಅಂಜಲ್ ಅಲ್ಲ" ಎಂದರು, ಅಷ್ಟೇ. ಊಟ ಮುಗಿಯುವ ತನಕ ಮತ್ತೆ ಮಾತಿಲ್ಲ. ಅತಿಥಿಗಳು ಹೊರಟ ಮೇಲೆ ಹುರಿಯದೆ ಉಳಿದಿದ್ದ ತುಂಡೊಂದನ್ನು ತಂದು ಚರ್ಮವನ್ನು ಉಗುರಿನಿಂದ ಗೀರಿ ತೋರಿಸಿದರು: ಬಲೆಯ ಕಣ್ಣಿನಂತೆ ಸಾಲಾಗಿ ಹುರುಪೆಯ ಗುರುತು. ಅಂಜಲ್‌ನ ಚರ್ಮ ಹಾಗಿರುವುದಿಲ್ಲ, ಹುರುಪೆ ಇದೆಯೋ ಇಲ್ಲವೋ ಎನ್ನುವಷ್ಟು ನುಣುಪು. ಅದು ಬರಾಕುಡಾ, ಮಲಯಾಳದವರ ಶೀಲಾವು. ಮರುದಿನ ಅಂಗಡಿಗೆ ಹೋಗಿ ಕೇಳಿದರೆ "ಅದೂ ಅಂಜಲ್‌ನದೇ ಜಾತಿ" ಎಂದರು. ಜಾತಿಯೂ ಅಲ್ಲ, ಕುಲವೂ ಅಲ್ಲ. ದುಡ್ಡು ವಾಪಸ್ ಬರಲಿಲ್ಲ, ಒಂದು ಪೊಟ್ಟಣ ಮೀನು ಮಸಾಲೆ ಪುಕ್ಕಟೆಯಾಗಿ ಬಂತು.

ಇಡೀ ಮೀನಾಗಿದ್ದರೆ ನಾನೇ ಹಿಡಿಯುತ್ತಿದ್ದೆ. ಅಂಜಲ್‌ನ ಬಾಲದ ಹತ್ತಿರ, ಮೇಲೂ ಕೆಳಗೂ, ಗರಗಸದ ಹಲ್ಲಿನಂತೆ ಪುಟ್ಟ ಪುಟ್ಟ ರೆಕ್ಕೆಗಳ ಸಾಲು ಇರುತ್ತದೆ. ಬರಾಕುಡಾಕ್ಕೆ ಅದಿಲ್ಲ, ಅದರ ಬೆನ್ನಿನ ಎರಡು ರೆಕ್ಕೆಗಳು ಒಂದಕ್ಕೊಂದು ಮುನಿಸಿಕೊಂಡಂತೆ ದೂರ ದೂರ. ತಲೆ, ಬಾಲ, ರೆಕ್ಕೆ ಕತ್ತರಿಸಿದರೆ ಸಾಕ್ಷಿಯೆಲ್ಲ ಹೋಯಿತು. ಆದ್ದರಿಂದಲೇ ದಕ್ಕೆಯಲ್ಲಾಗಲಿ ಉಡುಪಿಯ ಮಹಿಳೆಯರ ಮೀನು ಮಾರುಕಟ್ಟೆಯಲ್ಲಾಗಲಿ ನನಗೆ ಹೆಸರಿನ ಮೋಸ ಆಗಿಲ್ಲ. ದರದಲ್ಲಿ ಆಗಿದೆ, ನಿನ್ನೆಯದನ್ನು ಇವತ್ತಿನದು ಎಂದದ್ದೂ ಇದೆ. ಆದರೆ ಇಡೀ ಮೀನನ್ನು ಮುಂದಿಟ್ಟುಕೊಂಡು ಬೇರೆ ಹೆಸರು ಹೇಳಿದರೆ ಪಕ್ಕದ ಬುಟ್ಟಿಯವಳೇ ನಕ್ಕುಬಿಡುತ್ತಾಳೆ.

ಹೋಟೆಲಿನಲ್ಲೂ ಇದೇ ಲೆಕ್ಕ. ಕಾಣೆ ರವಾ ಫ್ರೈ ಇಡಿಯಾಗಿ ತಟ್ಟೆಗೆ ಬರುತ್ತದೆ, ಅದರಲ್ಲಿ ಆಟ ನಡೆಯುವುದಿಲ್ಲ. ಫಿಶ್ ಫಿಂಗರ್, ಫಿಶ್ ಟಿಕ್ಕಾ ಎಂದರೆ ಬೆಳ್ಳಗೆ, ಮೆತ್ತಗೆ, ಮುಳ್ಳಿಲ್ಲದೆ ಬರುವುದು ಬಹುಮಟ್ಟಿಗೆ ಬಾಸಾ, ಸಿಹಿನೀರಿನಲ್ಲಿ ಸಾಕಿದ ಮೀನು. ಈ ಚಾಳಿ ನಮ್ಮದು ಮಾತ್ರವೂ ಅಲ್ಲ. ಅಮೆರಿಕದಲ್ಲಿ ಓಷಿಯಾನಾ ಎಂಬ ಕಡಲ ಸಂರಕ್ಷಣಾ ಸಂಸ್ಥೆ 1,215 ಮಾದರಿಗಳ ಡಿಎನ್‌ಎ ಪರೀಕ್ಷೆ ಮಾಡಿಸಿ 2013ರಲ್ಲಿ ವರದಿ ಕೊಟ್ಟಿತು: ಮೂರರಲ್ಲಿ ಒಂದಕ್ಕೆ ಸುಳ್ಳು ಹೆಸರು. ರೆಡ್ ಸ್ನ್ಯಾಪರ್ ಎಂದು ಮಾರಿದ 120ರಲ್ಲಿ ನಿಜವಾದದ್ದು 7.

ಇನ್ನು ಊರಿನ ಹೆಸರು ಹೇಳಿ ಮಾರುವುದು. "ಮಲ್ಪೆಯ ಬೋಟಿನದು, ಇವತ್ತಿನದು" ಎಂದರೆ ಕ್ಯಾಲೆಂಡರ್ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ನಾಡದೋಣಿಗಳಿಗೆ ಮಾತ್ರ ಅವಕಾಶ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14. ಹಾಗಾಗಿ ಜೂನ್ ಮಧ್ಯದಿಂದ ಮೀನು ಅಲ್ಲಿಂದ ಲಾರಿಯಲ್ಲಿ ಬರುತ್ತದೆ, ಒಮಾನ್‌ನ ಬೂತಾಯಿ ಮಂಜುಗಟ್ಟಿ ಬರುತ್ತದೆ. ಜುಲೈ ನಡುವಿನಲ್ಲಿ ಮಲ್ಪೆ ಬೋಟಿನ ಅಂಜಲ್ ಎಂದರೆ ಆ ಬೋಟು ಎಲ್ಲಿಯದೆಂದು ಕೇಳಲೇಬೇಕು.

ದೂರು ಕೊಡಬಹುದೇ ಎಂದರೆ, ಕೊಡಬಹುದು. 2006ರ ಆಹಾರ ಸುರಕ್ಷತೆ ಕಾಯ್ದೆಯ 50ನೇ ಕಲಮಿನ ಪ್ರಕಾರ ಗ್ರಾಹಕ ಕೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು ಆದರೆ 5 ಲಕ್ಷ ರೂಪಾಯಿಯವರೆಗೆ ದಂಡ. ಸಣ್ಣ ವ್ಯಾಪಾರಿಗಳಿಗೆ 25 ಸಾವಿರದವರೆಗೆ. ಬಿಲ್ಲಿನಲ್ಲಿ "ಮೀನು" ಎಂದಷ್ಟೇ ಬರೆದಿದ್ದರೆ ಏನೂ ಸಾಧಿಸಲಾಗದು, ಯಾವ ಮೀನೆಂದು ಬರೆಸಿಕೊಳ್ಳಿ. ನಾನು ಬರೆಸಿಕೊಂಡಿರಲಿಲ್ಲ.

ಉಳಿದ ಅರ್ಧ ಕಿಲೋವನ್ನು ಎಸೆಯಬೇಡಿ. ಆ ಕೆಸರಿನ ವಾಸನೆ ಸಾಕುವ ಕೆರೆಯ ಪಾಚಿಯಿಂದ ಬರುವ ಜಿಯೋಸ್ಮಿನ್ ಎಂಬ ರಾಸಾಯನಿಕದ್ದು, ಹುಳಿಗೆ ಅದು ಬಗ್ಗುತ್ತದೆ. ಲಿಂಬೆರಸ, ಅರಸಿನ, ಉಪ್ಪು ಹಚ್ಚಿ ಅರ್ಧ ಗಂಟೆ ಇಟ್ಟು ತೊಳೆಯಿರಿ, ಆಮೇಲೆ ಹುಣಸೆಹುಳಿ ಸ್ವಲ್ಪ ಮುಂದಾಗಿಯೇ ಹಾಕಿ ಪುಳಿಮುಂಚಿ (ಹುಳಿ-ಮೆಣಸಿನ ಗಟ್ಟಿ ಸಾರು) ಮಾಡಿ. ತೆಂಗಿನಕಾಯಿ ಹಾಕಬೇಡಿ, ಈ ಮೀನಿಗೆ ಅದು ದಂಡ.